ಗಾರೆಯಿಂದ ಪಿಂಗಾಣಿಗೆ: ಡ್ರೆಸ್ಡೆನ್ ನಗರದ ಅರಸರ ಮೆರವಣಿಗೆ

ಜರ್ಮನಿಯ ಡ್ರೆಸ್ಡೆನ್ ಅರಮನೆಯ ಕುದುರೆಲಾಯದ ಹೊರಗೋಡೆಯಲ್ಲಿರುವ ‘ಅರಸರ ಮೆರವಣಿಗೆ’ ಸುಮಾರು 102 ಮೀಟರ್ ಉದ್ದದ ಭಿತ್ತಿಚಿತ್ರ. ಇದನ್ನು ಪಿಂಗಾಣಿ ಕಲೆಯ ಸಾಧನೆಯೆಂದು ಮಾತ್ರ ಕೊಂಡಾಡುವ ರೂಢಿಯುಂಟು. ಆದರೆ ಇದರ ವಿನ್ಯಾಸ ಹುಟ್ಟಿದ್ದು ಗಾರೆಯಲ್ಲಿ. ಕಪ್ಪು ಗಾರೆಯ ಮೇಲಿನ ಬಿಳಿಯ ಲೇಪವನ್ನು ಹಸಿಯಿರುವಾಗಲೇ ಕೆರೆದು ಚಿತ್ರ ಮೂಡಿಸುವ ಪದ್ಧತಿ ಹದಿನಾರನೆಯ ಶತಮಾನದಲ್ಲಿಯೇ ಆ ಅರಮನೆಯ ಗೋಡೆಗಳನ್ನು ಅಲಂಕರಿಸಿತ್ತು. ಕಲಾವಿದ ವಿಲ್ಹೆಲ್ಮ್ ವಾಲ್ಟರ್ ಅದೇ ಕ್ರಮವನ್ನು ಅನುಸರಿಸಿ, 1876ರ ವೇಳೆಗೆ ವೆಟ್ಟಿನ್ ಮನೆತನದ 35 ಅರಸರನ್ನು ಚಿತ್ರಿಸಿದನು.

ಗಾಳಿಮಳೆಗೆ ಗಾರೆ ಬೇಗನೆ ಸವೆಯಿತು. 1904 ಮತ್ತು 1907ರ ನಡುವೆ ಚಿತ್ರವನ್ನು ಸಮೀಪದ ಮೈಸೆನ್ ಕಾರ್ಖಾನೆಯ ಸುಮಾರು 23,000 ಪಿಂಗಾಣಿ ಬಿಲ್ಲೆಗಳಿಗೆ ಇಳಿಸಲಾಯಿತು. 1710ರಲ್ಲಿ ಆರಂಭವಾಗಿ ಮುಂದೆ ಬಣ್ಣದ ಪಾತ್ರೆಗಳಿಗೆ ಹೆಸರಾದ ಕಾರ್ಖಾನೆ ಇಲ್ಲಿ ತನ್ನ ವರ್ಣವೈಭವವನ್ನು ಮೆರೆಯದೆ, ಗೀರುಚಿತ್ರದ ಕಪ್ಪು ರೇಖೆಗಳನ್ನು ಹಾಗೆಯೇ ಉಳಿಸಿಕೊಂಡದ್ದು ವಿವೇಕದ ನಡೆ.

ಜಾನಪದ ಅಧ್ಯಯನಕ್ಕೆ ಮೆರವಣಿಗೆಯ ಹಿಂಭಾಗವೇ ಮುಖ್ಯ. ಅರಸರ ಬೆನ್ನಿಗೆ ವಿದ್ವಾಂಸರು, ಕುಶಲಕರ್ಮಿಗಳು, ರೈತರು ನಡೆಯುತ್ತಾರೆ. ಕಟ್ಟಕಡೆಯಲ್ಲಿ ಸ್ವತಃ ವಾಲ್ಟರ್ ಇದ್ದಾನೆ. 1918ರಲ್ಲಿ ಅರಸೊತ್ತಿಗೆ ಅಳಿಯಿತು. 1945ರ ಫೆಬ್ರವರಿಯ ಬಾಂಬ್ ದಾಳಿಯಲ್ಲಿ ನಗರದ ನಡುಭಾಗ ಉರಿದುಹೋದಾಗ, ಕುಲುಮೆಯಲ್ಲಿ ಬೆಂದಿದ್ದ ಈ ಬಿಲ್ಲೆಗಳು ಬಹುಮಟ್ಟಿಗೆ ಉಳಿದುಕೊಂಡವು. ಹಾಳಾದವುಗಳ ಜಾಗದಲ್ಲಿ ಮುಂದೆ ಹೊಸ ಬಿಲ್ಲೆಗಳನ್ನು ಕೂಡಿಸಲಾಯಿತು.