ಮದ್ದುಗುಂಡಿನ ಬರ (ಅಮೆರಿಕ)

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನಾಗರಿಕರು ಕೊಳ್ಳುವ ತೋಟಾಗಳು ಅಂಗಡಿಯ ಕಪಾಟಿನಿಂದ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮಾಯವಾಗುವ ಸ್ಥಿತಿ. 2008–09, 2012–14 ಮತ್ತು 2020–22ರಲ್ಲಿ ಇಂಥ ಮೂರು ದೊಡ್ಡ ಬರಗಳು ಬಿದ್ದವು. ಮೂರು ಸಲವೂ ಕಾರ್ಖಾನೆಗಳು ಪಾಳಿ ಹೆಚ್ಚಿಸಿಕೊಂಡು ಹಗಲುರಾತ್ರಿ ಓಡುತ್ತಿದ್ದವು ಎಂಬುದೇ ಇದರ ವೈಚಿತ್ರ್ಯ. ಕೆರೆ ಬತ್ತಿರಲಿಲ್ಲ, ಊರಿನವರೆಲ್ಲ ಒಂದೇ ಬೆಳಗ್ಗೆ ಕೊಡ ಹಿಡಿದು ಬಂದಿದ್ದರು.

ಮಾಮೂಲಿ ದಿನಗಳಲ್ಲಿ ಹೆಚ್ಚು ಗುಂಡು ಹಾರಿಸುವವನು ಹೆಚ್ಚು ತೋಟಾ ಕೊಳ್ಳುತ್ತಾನೆ. ಬರದಲ್ಲಿ ಈ ನಂಟು ಕಡಿದುಹೋಗುತ್ತದೆ. ಕೊಳ್ಳುವುದು ಏರುತ್ತದೆ, ಹಾರಿಸುವುದು ಇಳಿಯುತ್ತದೆ, ನಡುವಿನ ಸರಕು ಮನೆಯ ನೆಲಮಾಳಿಗೆ ಸೇರುತ್ತದೆ. ಈರುಳ್ಳಿ ಕೂಡಿಟ್ಟವನಿಗೆ ಕೊಳೆಯುವ ಭಯವಾದರೂ ಇರುತ್ತದೆ. ತೋಟಾ ಒಣ, ತಂಪು ಜಾಗದಲ್ಲಿ ದಶಕಗಳ ಕಾಲ ಕೆಡುವುದಿಲ್ಲ. ಹಾಗಾಗಿ ಕೂಡಿಟ್ಟಿದ್ದು ಪೇಟೆಗೆ ಮರಳಬೇಕೆಂಬ ಒತ್ತಡವೂ ಇಲ್ಲ.

ತಯಾರಿಕೆಯ ಬಿಗಿ

ಹೆಚ್ಚಿನ ತೋಟಾಗಳಲ್ಲಿ ನಾಲ್ಕು ಭಾಗಗಳಿವೆ: ಸಾಮಾನ್ಯವಾಗಿ ಹಿತ್ತಾಳೆಯದಾದ ಕವಚ, ಒಳಗಿನ ಮದ್ದು, ತುದಿಯಲ್ಲಿ ಕೂರುವ ಗುಂಡು, ತಳದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್. ಈ ಪ್ರೈಮರ್ ನಮ್ಮ ಮಲೆನಾಡಿನ ನಾಡಕೋವಿಯ ಕೇಪಿನ ವಂಶದ್ದೇ. ಮೊದಲ ಮೂರನ್ನು ಹೇಗೋ ಹೊಂದಿಸಬಹುದು, ಬಿಗಿಯಿರುವುದು ನಾಲ್ಕನೆಯದರಲ್ಲಿ. ಅದಕ್ಕೆ ಬೇಕಾದ ಲೆಡ್ ಸ್ಟಿಫ್ನೇಟ್ ತಟ್ಟಿದರೆ ಸಿಡಿಯುವ ಸ್ಫೋಟಕ. ಅದನ್ನು ಒದ್ದೆಯಾಗಿಯೇ ಕಲಸಿ, ಅನುಭವಿ ಕೈಗಳಿಂದಲೇ ತುಂಬಿಸಬೇಕು. ಈ ಬರಗಳ ಕಾಲದಲ್ಲಿ ಅಮೆರಿಕದ ನಾಗರಿಕ ಪೇಟೆಗೆ ದೊಡ್ಡ ಪ್ರಮಾಣದಲ್ಲಿ ಪ್ರೈಮರ್ ಒದಗಿಸುತ್ತಿದ್ದ ಸ್ವದೇಶಿ ಹೆಸರುಗಳು ನಾಲ್ಕೇ: ಸಿಸಿಐ, ಫೆಡರಲ್, ವಿಂಚೆಸ್ಟರ್, ರೆಮಿಂಗ್ಟನ್. ಈ ಕಾರ್ಖಾನೆಗಳು ತಮ್ಮ ತೋಟಾಕ್ಕೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡಿಯಾಗಿ ಮಾರುತ್ತವೆ. ಬರ ಬಂದಾಗ ಆ ಉಳಿಕೆಯೇ ಇರುವುದಿಲ್ಲ.

ಹೊಸ ಕಾರ್ಖಾನೆ ಕಟ್ಟಬಹುದಲ್ಲ ಎಂದು ಹೊರಗಿನವರಿಗೆ ಅನ್ನಿಸುತ್ತದೆ. ಕಟ್ಟುವವರಿಗೆ ಹಿಂದಿನ ಪೆಟ್ಟು ನೆನಪಿದೆ. 2016ರ ನವೆಂಬರಿನಲ್ಲಿ ಡೊನಾಲ್ಡ್ ಟ್ರಂಪ್ ಅಧ್ಯಕ್ಷೀಯ ಚುನಾವಣೆ ಗೆದ್ದೊಡನೆ ಬಂದೂಕು ಕಾನೂನಿನ ಭಯ ಕರಗಿ, ಬೇಡಿಕೆ ಕುಸಿದು, ಗೋದಾಮುಗಳಲ್ಲಿ ಸರಕು ರಾಶಿ ಬಿದ್ದಿತು. ಎರಡು ಶತಮಾನಗಳ ಹೆಸರಿನ ರೆಮಿಂಗ್ಟನ್ 2018ರ ಮಾರ್ಚಿನಲ್ಲಿ ದಿವಾಳಿ ಅರ್ಜಿ ಹಾಕಿತು. 2020ರ ಜುಲೈಯಲ್ಲಿ ಮತ್ತೊಮ್ಮೆ ಹಾಕಿತು. ಅಂದರೆ ದೇಶದ ಅಂಗಡಿಗಳಲ್ಲಿ ತೋಟಾ ಸಿಗುವುದೇ ಕಷ್ಟವಾಗಿದ್ದ ಬೇಸಿಗೆಯಲ್ಲಿ ಒಬ್ಬ ದೊಡ್ಡ ತೋಟಾ ತಯಾರಕ ಮುಳುಗಿದ್ದ. ಆರ್ಕನ್ಸಾದ ಲೋನೊಕ್‌ನಲ್ಲಿರುವ ಅದರ ತೋಟಾ ಕಾರ್ಖಾನೆಯನ್ನು, ಹೆಸರಿನ ಸಮೇತ, ವಿಸ್ಟಾ ಔಟ್‌ಡೋರ್ ಕಂಪನಿ 8.14 ಕೋಟಿ ಡಾಲರಿಗೆ ಕೊಂಡಿತು. ಇಂಥ ಏರಿಳಿತದ ವ್ಯಾಪಾರದಲ್ಲಿ ಹಳೆಯ ಯಂತ್ರವನ್ನೇ ಮೂರು ಪಾಳಿ ಓಡಿಸುವುದು ಜಾಣತನ, ಹೊಸ ಯಂತ್ರ ತರುವುದು ಜೂಜು.

ಮೂರು ಬರಗಳು, ಒಂದು ಹುಸಿ ಬರ

2008ರ ನವೆಂಬರಿನಲ್ಲಿ ಬರಾಕ್ ಒಬಾಮ ಗೆದ್ದಾಗ ಬಂದೂಕುದಾರರು ಹೊಸ ನಿರ್ಬಂಧಗಳನ್ನು ನಿರೀಕ್ಷಿಸಿ ಅಂಗಡಿಗಳಿಗೆ ನುಗ್ಗಿದರು. ನಿರೀಕ್ಷಿಸಿದ ಕಾನೂನು ಬರಲಿಲ್ಲ, ಆದರೆ ಖಾಲಿ ಕಪಾಟಿನ ನೆನಪು ಉಳಿಯಿತು. 2012ರ ಡಿಸೆಂಬರ್ 14ರಂದು ಕನೆಕ್ಟಿಕಟ್‌ನ ನ್ಯೂಟೌನ್‌ನಲ್ಲಿ ಸ್ಯಾಂಡಿ ಹುಕ್ ಶಾಲೆಯೊಳಗೆ 20 ಮಕ್ಕಳೂ 6 ಸಿಬ್ಬಂದಿಯೂ ಕೊಲೆಯಾದ ಮೇಲೆ ಕಾನೂನಿನ ಮಾತು ನಿಜವಾಗಿಯೇ ಎದ್ದಿತು. 2013ರ ಏಪ್ರಿಲ್ 17ರಂದು ಸೆನೆಟ್‌ನಲ್ಲಿ ಆ ಪ್ರಯತ್ನ ಸೋತಿತು. ಅಲ್ಲಿಗೆ ಬರ ಮುಗಿಯಬೇಕಿತ್ತು. ಆದರೆ ಯಾವ ಮಸೂದೆಯ ಗುರಿಯೂ ಆಗಿರದ ತೋಟಾವೊಂದು ಆಮೇಲೂ ಬಹುಕಾಲ ಸಿಗಲಿಲ್ಲ. ಅದು .22 ಲಾಂಗ್ ರೈಫಲ್.

1887ರಷ್ಟು ಹಳೆಯದಾದ ಈ ಪುಟ್ಟ ತೋಟಾ ಅಮೆರಿಕದ ಮಕ್ಕಳು ಗುರಿ ಕಲಿಯುವ ತೋಟಾ. ಅಳಿಲು, ಮೊಲದ ಬೇಟೆಯದೂ ಇದೇ. 50ರ ಹತ್ತು ಪೆಟ್ಟಿಗೆ ಸೇರಿಸಿದ 500ರ ಕಟ್ಟನ್ನು ಅಲ್ಲಿನವರು ‘ಇಟ್ಟಿಗೆ’ ಎನ್ನುತ್ತಾರೆ. ಬರಕ್ಕೆ ಮುಂಚೆ ಒಂದು ಇಟ್ಟಿಗೆಗೆ ಸುಮಾರು 20 ಡಾಲರ್. ಬೆಲೆ ಕಮ್ಮಿಯಾದ್ದರಿಂದಲೇ ಅದಕ್ಕೆ ಏಟು ಬಿತ್ತು: ದುಬಾರಿ ರೈಫಲ್ ತೋಟಾ ಸಾವಿರ ಕೊಳ್ಳಲಾರದವನೂ ‘ಇರಲಿ’ ಎಂದು ಎರಡು ಇಟ್ಟಿಗೆ ಎತ್ತಿಕೊಂಡ. ತಯಾರಿಕೆಯೂ ಒಗ್ಗಲಿಲ್ಲ. ಇದಕ್ಕೆ ಬೇರೆ ಪ್ರೈಮರ್ ಇರುವುದಿಲ್ಲ. ಸಿಡಿಮದ್ದನ್ನು ಒದ್ದೆಯಾಗಿ ಕವಚದೊಳಗೆ ಹಾಕಿ, ಗಿರ್ರನೆ ತಿರುಗಿಸಿ, ತಳದ ಅಂಚಿನ ಮಡಿಕೆಗೆ ಸೇರಿಸುತ್ತಾರೆ. ಅದರ ಯಂತ್ರ ಬೇರೆ ತೋಟಾಕ್ಕೆ ಬಾರದು, ಬೇರೆಯವುಗಳ ಯಂತ್ರ ಇದಕ್ಕೆ ಬಾರದು. ಹಾರಿಸಿದ ಕವಚವನ್ನು ಮತ್ತೆ ತುಂಬಲೂ ಆಗದು.

2015ರ ಹುಸಿ ಬರ ಇನ್ನೂ ಸ್ವಾರಸ್ಯದ್ದು. ಫೆಬ್ರವರಿ 13ರಂದು ಕೇಂದ್ರದ ಬಂದೂಕು ನಿಯಂತ್ರಣ ಸಂಸ್ಥೆ ಎಟಿಎಫ್, ರಕ್ಷಾಕವಚ ಭೇದಿಸುವ ತೋಟಾಗಳ ನಿಷೇಧದಿಂದ ಹಸಿರು ತುದಿಯ ಎಂ855 ರೈಫಲ್ ತೋಟಾಕ್ಕಿದ್ದ ವಿನಾಯಿತಿಯನ್ನು ಹಿಂತೆಗೆಯುವ ಪ್ರಸ್ತಾಪ ಹೊರಡಿಸಿತು. 80,000ಕ್ಕೂ ಹೆಚ್ಚು ಆಕ್ಷೇಪ, ಅಭಿಪ್ರಾಯಗಳು ಬಂದು, ಮಾರ್ಚ್ 10ರಂದು ಅದನ್ನು ಬದಿಗಿಟ್ಟಿತು. ಒಂದು ತಿಂಗಳೂ ಆಗಿರಲಿಲ್ಲ, ನಿಷೇಧ ಜಾರಿಗೂ ಬಂದಿರಲಿಲ್ಲ. ಅಷ್ಟರಲ್ಲೇ ಹಸಿರು ತುದಿಯ ಪೆಟ್ಟಿಗೆಗಳು ಅಂಗಡಿಗಳಿಂದ ಖಾಲಿಯಾಗಿದ್ದವು. 2016ರ ನವೆಂಬರಿನಲ್ಲಿ ಉತ್ತರ ಭಾರತದಲ್ಲಿ ಉಪ್ಪು ಸಿಗುವುದಿಲ್ಲವೆಂಬ ಗಾಳಿಸುದ್ದಿ ಹಬ್ಬಿ ಜನ ಉಪ್ಪಿಗೆ ಮುಗಿಬಿದ್ದದ್ದನ್ನು ಕಂಡವರಿಗೆ ಇದು ಹೊಸದಲ್ಲ.

2020ರಲ್ಲಿ ಕಾರಣಗಳು ಒಂದರ ಮೇಲೊಂದು ಬಿದ್ದವು: ಕೋವಿಡ್, ಜಾರ್ಜ್ ಫ್ಲಾಯ್ಡ್ ಸಾವಿನ ನಂತರದ ಪ್ರತಿಭಟನೆಗಳು, ಅಧ್ಯಕ್ಷೀಯ ಚುನಾವಣೆ. ಬಂದೂಕು ಕೊಳ್ಳುವವರ ಹಿನ್ನೆಲೆ ತಪಾಸಣೆಗಳ ಸಂಖ್ಯೆ 2019ರ ಸುಮಾರು 2.84 ಕೋಟಿಯಿಂದ 3.97 ಕೋಟಿಗೆ ಏರಿತು. ಆ ವರ್ಷ ಮೊದಲ ಬಾರಿಗೆ ಬಂದೂಕು ಕೊಂಡವರು 84 ಲಕ್ಷ ಎಂದು ಉದ್ಯಮದ ಸಂಘ ಎನ್‌ಎಸ್‌ಎಸ್‌ಎಫ್ ಅಂದಾಜಿಸಿತು. ಉದ್ಯಮದವರ ಅಂದಾಜನ್ನು ಸ್ವಲ್ಪ ಅನುಮಾನದಿಂದಲೇ ಕೇಳಬೇಕು. ಆದರೂ ಲೆಕ್ಕ ಹಾಕಿ ನೋಡಬಹುದು: ಪ್ರತಿಯೊಬ್ಬರೂ 50ರ ಎರಡೇ ಪೆಟ್ಟಿಗೆ ಕೊಂಡರೂ 84 ಕೋಟಿ ತೋಟಾ. ಅವರಲ್ಲಿ ಯಾರನ್ನೂ ದುರಾಸೆಯವರೆನ್ನಲಾಗದು. 9 ಎಂ.ಎಂ. ಪಿಸ್ತೂಲಿನ 50 ತೋಟಾಗಳ ಪೆಟ್ಟಿಗೆ 2020ರ ಆರಂಭದಲ್ಲಿ 10 ಡಾಲರಿನ ಆಸುಪಾಸಿನಲ್ಲಿದ್ದದ್ದು 2021ರ ಆರಂಭಕ್ಕೆ ಹಲವು ಕಡೆ 40 ಡಾಲರ್ ಮುಟ್ಟಿತು. 2021ರ ಸೆಪ್ಟೆಂಬರ್ 7ರಿಂದ ರಷ್ಯದ ತೋಟಾಗಳ ಹೊಸ ಆಮದಿಗೂ ನಿರ್ಬಂಧ ಬಿತ್ತು. ವಿರೋಧ ಪಕ್ಷದ ನಾಯಕ ಅಲೆಕ್ಸಿ ನವಾಲ್ನಿಗೆ ವಿಷವಿಕ್ಕಿದ್ದಕ್ಕೆ ಅಮೆರಿಕ ವಿಧಿಸಿದ ಶಿಕ್ಷೆ ಅದು. ಉಕ್ಕಿನ ಕವಚದ ಅಗ್ಗದ ತೋಟಾ ನಂಬಿದ್ದವರ ಬಾಗಿಲೂ ಹೀಗೆ ಮುಚ್ಚಿತು.

ಕೊಳ್ಳುವ ರೂಢಿ

ಮೊದಲು ಬದಲಾಗುವುದು ಕೊಳ್ಳುವ ಹೊತ್ತು. ಹಿಂದೆ ಗುರಿ ಅಭ್ಯಾಸದ ಜಾಗಕ್ಕೆ, ಅಂದರೆ ರೇಂಜಿಗೆ, ಹೋಗುವ ದಾರಿಯಲ್ಲಿ ಒಂದು ಪೆಟ್ಟಿಗೆ ಕೊಳ್ಳುತ್ತಿದ್ದವರು ಲಾರಿ ಬರುವ ವಾರ, ಗಂಟೆ ತಿಳಿದುಕೊಂಡು ಬಾಗಿಲು ತೆರೆಯುವ ಮುನ್ನವೇ ಸಾಲು ನಿಲ್ಲತೊಡಗಿದರು. 2013ರಲ್ಲಿ ವಾಲ್‌ಮಾರ್ಟ್ ಒಬ್ಬರಿಗೆ ದಿನಕ್ಕೆ ಮೂರೇ ಪೆಟ್ಟಿಗೆ ಎಂದು ಮಿತಿ ಹಾಕಿತು. ಹಳೆಯ ಬೆಲೆಗೇ ಮಾರಿದ ಇಂಥ ಅಂಗಡಿಗಳನ್ನು ಜನ ಹೊಗಳಿದರು. ಆದರೆ ಅದರ ಲಾಭ ಹೋದದ್ದು ಬೆಳಗಿನ ಕೆಲಸವಿಲ್ಲದವರಿಗೆ. ಸಾಲಿನಲ್ಲಿ ಮೊದಲು ನಿಂತು ಎತ್ತಿಕೊಂಡದ್ದನ್ನು ವಾರಾಂತ್ಯದ ಬಂದೂಕು ಮೇಳಗಳಲ್ಲಿ ಎರಡು ಮೂರು ಪಟ್ಟು ಬೆಲೆಗೆ ಮಾರುವವರೂ ಹುಟ್ಟಿಕೊಂಡರು. ತನ್ನದೇ ಅಂಗಡಿಯೊಂದರಲ್ಲಿ ನಡೆದ ಎಲ್ ಪಾಸೊ ಹತ್ಯಾಕಾಂಡದ ನಂತರ, 2019ರ ಸೆಪ್ಟೆಂಬರಿನಲ್ಲಿ, ವಾಲ್‌ಮಾರ್ಟ್ ಪಿಸ್ತೂಲು ತೋಟಾಗಳ ಮಾರಾಟವನ್ನೇ ನಿಲ್ಲಿಸುವುದಾಗಿ ಘೋಷಿಸಿತ್ತು. ಹಾಗಾಗಿ 2020ರ ಜನಸಾಗರವನ್ನು ಎದುರಿಸಿದ್ದು ಉಳಿದ ಅಂಗಡಿಗಳು. ಅವುಗಳಲ್ಲಿ ಕೆಲವು, ಬಂದೂಕು ಕೊಂಡವರಿಗಷ್ಟೇ ಒಂದೆರಡು ಪೆಟ್ಟಿಗೆ ಎಂದವು. ಕೆಲವು ರೇಂಜ್‌ಗಳು ಅಲ್ಲೇ ಹಾರಿಸಿ ಮುಗಿಸುವವರಿಗೆ ಮಾತ್ರ ಮಾರಿದವು, ಪೆಟ್ಟಿಗೆ ಹೊರಗೆ ಒಯ್ಯುವಂತಿರಲಿಲ್ಲ.

ತೋಟಾದ ಅಳತೆಯ ಆಯ್ಕೆಯೂ ತಿರುಗಿತು. ಬಂದೂಕು ಕೊಂಡು ಅದಕ್ಕೆ ತೋಟಾ ಹುಡುಕುವುದು ವಾಡಿಕೆ. ಬರದಲ್ಲಿ ಕೆಲವರು ಕಪಾಟಿನಲ್ಲಿ ಉಳಿದಿರುವ ತೋಟಾ ನೋಡಿ ಅದಕ್ಕೆ ಬಂದೂಕು ಕೊಂಡರು. ಆಮೇಲೆ ‘ಎರಡೇ ಅಳತೆ ಸಾಕು, ಎಲ್ಲ ಬಂದೂಕೂ ಅವಕ್ಕೇ ಹೊಂದಲಿ’ ಎಂದು ಮನೆಯ ಸಂಗ್ರಹವನ್ನು ಕಿರಿದು ಮಾಡಿಕೊಂಡವರೂ ಉಂಟು.

ತೋಟಾವನ್ನು ತಾವೇ ತುಂಬಿಕೊಳ್ಳುವವರು ತಮಗೆ ಬರ ತಟ್ಟದೆಂದು ನಂಬಿದ್ದರು. ಖಾಲಿ ಕವಚ ಆಯ್ದು, ತೊಳೆದು, ಮದ್ದು ಅಳೆದು, ಗುಂಡು ಕೂರಿಸುವ ಈ ಕೆಲಸ ಒಂದು ಹವ್ಯಾಸವೂ ಹೌದು, ಮಿತವ್ಯಯವೂ ಹೌದು. ಪ್ರೈಮರ್ ಸಿಗದೆ ಅವರ ಮೇಜೂ ನಿಂತಿತು. ಸಾವಿರಕ್ಕೆ 30 ಡಾಲರಿನ ಹತ್ತಿರವಿದ್ದ ಪ್ರೈಮರ್ 2021ರಲ್ಲಿ 100 ಡಾಲರ್ ದಾಟಿತು. ಕ್ಲಬ್ಬುಗಳಲ್ಲಿ ಮದ್ದಿಗೆ ಪ್ರೈಮರ್, ಪ್ರೈಮರಿಗೆ ಗುಂಡು ಎಂಬ ವಿನಿಮಯ ಮರುಕಳಿಸಿತು. ರೇಂಜಿನ ನೆಲದಲ್ಲಿ ಬಿದ್ದ ಹಿತ್ತಾಳೆ ಕವಚಗಳನ್ನು ಮೊದಲು ಗುಡಿಸುತ್ತಿದ್ದರು, ಈಗ ಬಗ್ಗಿ ಒಂದೊಂದಾಗಿ ಆಯತೊಡಗಿದರು.

ಹಾರಿಸುವ ರೂಢಿ

ಪ್ರತಿ ಈಡಿಗೂ ಬೆಲೆ ಅಂಟಿದ ಮೇಲೆ ಕೈ ಹಿಡಿತಕ್ಕೆ ಬರುತ್ತದೆ. ಭಾನುವಾರಕ್ಕೆ ಇನ್ನೂರು ತೋಟಾ ಖಾಲಿ ಮಾಡುತ್ತಿದ್ದವರು ಐವತ್ತಕ್ಕೆ ಇಳಿದರು. ಹಾಗೆ ಇಳಿದ ಕೆಲವರ ಗುರಿ ಸುಧಾರಿಸಿತೆಂದು ತರಬೇತುದಾರರು ಹೇಳುವುದುಂಟು, ಅದರಲ್ಲಿ ನಂಬಲಾಗದ್ದೇನೂ ಇಲ್ಲ. ಎಣಿಸಿ ಹಾರಿಸುವವನು ಪ್ರತಿ ಗುಂಡಿನ ಗುರುತನ್ನೂ ಹಲಗೆಯ ಮೇಲೆ ಹುಡುಕುತ್ತಾನೆ.

ಖಾಲಿ ಬಂದೂಕಿನ ಅಭ್ಯಾಸಕ್ಕೂ ಮರ್ಯಾದೆ ಬಂದಿತು. ಬಂದೂಕಿನಲ್ಲಿ ತೋಟಾ ಇಲ್ಲವೆಂದು ಎರಡೆರಡು ಬಾರಿ ನೋಡಿ, ಗೋಡೆಯ ಚುಕ್ಕೆಗೆ ಗುರಿಯಿಟ್ಟು, ನಳಿಗೆ ಅಲುಗದಂತೆ ಕುದುರೆ ಎಳೆಯುವುದು ಇದರ ಕ್ರಮ. ಒಲಿಂಪಿಕ್ಸ್ ಗುರಿಕಾರರು ಇದನ್ನು ಹಿಂದಿನಿಂದಲೂ ಮಾಡುತ್ತಾರೆ. ಆದರೆ .22ರ ಹಲವು ಬಂದೂಕುಗಳಲ್ಲಿ ಸಿಡಿಸುವ ಮೊಳೆ ನಳಿಗೆಯ ಅಂಚಿಗೆ ಬಡಿದು ಎರಡೂ ಹಾಳಾಗಬಹುದಾದ್ದರಿಂದ ಅಲ್ಲಿ ಹುಸಿತೋಟಾ ಬೇಕು. ಏರ್ ಗನ್, ಲೇಸರ್ ಬಿಂಬ ಬೀಳಿಸುವ ಅಭ್ಯಾಸದ ಪಿಸ್ತೂಲು, ಕುದುರೆ ಎಳೆಯುವಾಗಿನ ಕಂಪನವನ್ನು ಫೋನಿನಲ್ಲಿ ತೋರಿಸುವ ಸಾಧನಗಳು ಮನೆಯ ಪಡಸಾಲೆಗೆ ಬಂದವು. ಕ್ರೀಡಾ ಕ್ಲಬ್ಬುಗಳು ಸ್ಪರ್ಧೆಯ ಸುತ್ತುಗಳನ್ನು ಮೊಟಕುಗೊಳಿಸಿದವು.

ಹೆಚ್ಚು ಅನ್ಯಾಯವಾದದ್ದು ಬೇಟೆಗಾರರಿಗೆ ಎಂದು ತೋರುತ್ತದೆ. ಜಿಂಕೆ ಬೇಟೆಯ ಋತುವಿನಲ್ಲಿ ಮೂರು ನಾಲ್ಕು ಈಡು ಹೊಡೆಯುವವನಿಗೆ 20ರ ಒಂದು ಪೆಟ್ಟಿಗೆ ವರ್ಷಗಟ್ಟಲೆ ಬರುತ್ತದೆ. ಅವನು ಕೂಡಿಟ್ಟವನಲ್ಲ, ಹೆದರಿದವನೂ ಅಲ್ಲ. ಆದರೆ 2020, 2021ರಲ್ಲಿ ಕಾರ್ಖಾನೆಗಳು ತಮ್ಮ ತಯಾರಿಕಾ ಸಾಲುಗಳನ್ನು 9 ಎಂ.ಎಂ. ಮತ್ತು .223 ರೈಫಲ್ ತೋಟಾಗಳಿಗೆ ಬಿಟ್ಟುಕೊಟ್ಟಿದ್ದರಿಂದ 1895ರ .30-30, ಜೊತೆಗೆ .243, .270ರಂಥ ಬೇಟೆಯ ತೋಟಾಗಳು ಸರದಿಗೆ ಕಾಯಬೇಕಾಯಿತು. ಋತುವಿಗೆ ಮುನ್ನ ನಾಲ್ಕೈದು ಗುಂಡು ಹಾರಿಸಿ ದೂರದರ್ಶಕವನ್ನು ಸರಿಪಡಿಸಿಕೊಳ್ಳುವುದು ಪದ್ಧತಿ. ಕಾಡಿಗೆ ಬೇಕಾದ ತೋಟಾವೇ ಇಲ್ಲದಾಗ ಆ ನಾಲ್ಕೈದನ್ನು ಉಳಿಸಿದವರಿದ್ದಾರೆ. ಗುರಿ ತಪ್ಪಿ ಪ್ರಾಣಿ ಗಾಯಗೊಂಡು ಓಡುವುದು ಅಂಥ ಉಳಿತಾಯದ ಬೆಲೆ.

ಗಾಳಿಸುದ್ದಿಗಳು

ಬರದ ಕಾಲದಲ್ಲಿ ಕಪಾಟು ಖಾಲಿಯಾದರೂ ಕಥೆಗಳಿಗೆ ಕೊರತೆಯಿಲ್ಲ. 2012–13ರಲ್ಲಿ ಒಳಾಡಳಿತ ಭದ್ರತಾ ಇಲಾಖೆಯೇ ತೋಟಾಗಳನ್ನೆಲ್ಲ ಬಾಚಿಕೊಳ್ಳುತ್ತಿದೆ ಎಂಬ ಸುದ್ದಿ ಹಬ್ಬಿತು. 2014ರ ಆರಂಭದಲ್ಲಿ ಸರಕಾರಿ ಲೆಕ್ಕಪರಿಶೋಧನಾ ಕಚೇರಿ ವರದಿ ಕೊಟ್ಟಾಗ ತಿಳಿದದ್ದು, 2013ರಲ್ಲಿ ಇಲಾಖೆ ಕೊಂಡದ್ದು ಸುಮಾರು 8.4 ಕೋಟಿ ತೋಟಾ, ಅದು ಹಿಂದಿನ ಐದು ವರ್ಷಗಳಿಗಿಂತ ಕಮ್ಮಿ. ಅದೇ ಹೊತ್ತಿಗೆ ಮಿಸೌರಿಯ ಹರ್ಕ್ಯುಲೇನಿಯಮ್‌ನಲ್ಲಿ ಅದಿರಿನಿಂದ ಸೀಸ ತೆಗೆಯುವ ದೇಶದ ಕೊನೆಯ ಕುಲುಮೆ 2013ರ ಡಿಸೆಂಬರಿನಲ್ಲಿ ಮುಚ್ಚಿತು. ಇನ್ನು ಗುಂಡೇ ಇಲ್ಲ ಎಂದರು ಜನ. ಗುಂಡಿನ ಸೀಸ ಬಹುಪಾಲು ಹಳೆಯ ಬ್ಯಾಟರಿಗಳನ್ನು ಕರಗಿಸಿ ಬರುವಂಥದ್ದು, ಆ ಕುಲುಮೆಯಿಂದ ಪೇಟೆ ಅಲ್ಲಾಡಲಿಲ್ಲ. ಸುದ್ದಿ ಸುಳ್ಳಾದರೂ ಅದನ್ನು ನಂಬಿ ಕೊಂಡ ಪೆಟ್ಟಿಗೆಗಳು ನಿಜ.

ಈ ಅವಸರದ ಖರೀದಿಯಿಂದ ಲಾಭವಾದದ್ದು ಕಾಡುಪ್ರಾಣಿಗಳಿಗೆ. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯಿದೆಯಂತೆ ತೋಟಾಗಳ ಮೇಲಿನ ಶೇ. 11ರ ಅಬಕಾರಿ ಸುಂಕ ವನ್ಯಜೀವಿ ಸಂರಕ್ಷಣೆಗೆ ಹೋಗುತ್ತದೆ. 2020–21ರ ಗಾಬರಿಯ ಖರೀದಿಯ ಫಲವಾಗಿ ಈ ಕಾಯಿದೆಯಡಿ 2022ರಲ್ಲಿ ರಾಜ್ಯಗಳಿಗೆ ಹಂಚಿದ ಒಟ್ಟು ಮೊತ್ತ 100 ಕೋಟಿ ಡಾಲರ್ ಮೀರಿತು.

ಭಾರತದೊಡನೆ ಹೋಲಿಕೆ

ಭಾರತದಲ್ಲಿ ಇಂಥ ನುಗ್ಗಾಟ ಸಾಧ್ಯವಿಲ್ಲ. ಲೈಸೆನ್ಸಿನಲ್ಲಿಯೇ ಒಂದು ಸಲಕ್ಕೆ ಎಷ್ಟು, ವರ್ಷಕ್ಕೆ ಎಷ್ಟು ತೋಟಾ ಎಂಬ ಮಿತಿ ಬರೆದಿರುತ್ತದೆ, ಕೊಂಡದ್ದು ದಾಖಲಾಗುತ್ತದೆ. ಲೈಸೆನ್ಸಿನ ಹೊರಗಿರುವವರೂ ಇದ್ದಾರೆ: ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರಕಾರ 2029ರವರೆಗೆ ಮುಂದುವರಿಸಿದೆ. ಅಮೆರಿಕದಲ್ಲಿ 1968ರ ಕಾಯಿದೆ ತೋಟಾ ಮಾರಾಟದ ದಾಖಲೆ ಇಡಲು ಹೇಳಿತ್ತು. 1986ರ ಕಾಯಿದೆ ಕೇಂದ್ರ ಮಟ್ಟದಲ್ಲಿ ಆ ಕಟ್ಟಳೆಯನ್ನು ಬಹುಮಟ್ಟಿಗೆ ತೆಗೆದು, ದೂರದಿಂದ ಆರ್ಡರ್ ಮಾಡಿ ಮನೆಗೆ ತರಿಸಿಕೊಳ್ಳುವ ದಾರಿಯನ್ನೂ ತೆರೆಯಿತು. ಕ್ಯಾಲಿಫೋರ್ನಿಯ ರಾಜ್ಯ 2019ರ ಜುಲೈಯಿಂದ ತೋಟಾ ಕೊಳ್ಳುವವರಿಗೂ ಹಿನ್ನೆಲೆ ತಪಾಸಣೆ ತಂದು, ನ್ಯಾಯಾಲಯದ ವ್ಯಾಜ್ಯಗಳನ್ನು ಮೈಮೇಲೆ ಎಳೆದುಕೊಂಡಿತು. ಉಳಿದ ಹೆಚ್ಚಿನ ರಾಜ್ಯಗಳಲ್ಲಿ ಯಾರ ಮನೆಯಲ್ಲಿ ಎಷ್ಟು ಪೆಟ್ಟಿಗೆ ಇದೆಯೆಂದು ಬರೆದಿಟ್ಟ ಪುಸ್ತಕವಿಲ್ಲ. ಕಾರ್ಖಾನೆಯವನಿಗೆ ಕಾಣುವುದು ಅಂಗಡಿಯ ಬೇಡಿಕೆ ಪಟ್ಟಿ ಮಾತ್ರ. ಅದರಲ್ಲಿ ಈ ವಾರ ಹಾರಿಸಿದ್ದೆಷ್ಟು, ಮಂಚದ ಕೆಳಗೆ ಸರಿಸಿದ್ದೆಷ್ಟು ಎಂದು ಬಿಡಿಸಿ ಹೇಳುವ ಕಲಮಿಲ್ಲ.