ಥರ್ಮಲ್ ಪೇಸ್ಟ್: ಸುರಕ್ಷಿತ ಬಳಕೆ
ಚಿಪ್‌ನ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಲೇಪ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕಂಪ್ಯೂಟರ್ ರಿಪೇರಿಯಿಂದ ಹಿಡಿದು ಗುಡ್ಡದ ಗಾಳಿಯಂತ್ರಗಳ ಕನ್ವರ್ಟರ್‌ಗಳವರೆಗೆ ಇದು ಬೇಕು. ಸಾಮಾನ್ಯ ಬಿಳಿ ಪೇಸ್ಟ್ ಎಂದರೆ ಸಿಲಿಕೋನ್ ಎಣ್ಣೆಯಲ್ಲಿ ಕಲಸಿದ ಸತುವಿನ ಆಕ್ಸೈಡ್. ಇದನ್ನು ಹಚ್ಚುವಾಗ ಕೈಗವಸು ತೊಡಿ ಎಂದರೆ, ಕ್ಯಾಲಮೈನ್ ಲೋಷನ್‌ನಲ್ಲೂ ಅದೇ ಪುಡಿಯಿರುವಾಗ ಕೈಗವಸೇಕೆ ಎಂಬ ಆಕ್ಷೇಪವಿದೆ. ಚರ್ಮದ ಮಟ್ಟಿಗೆ ಆ ಮಾತು ಬಹುಪಾಲು ಸರಿ. ಆದರೆ ಬೆರಳಿಗೆ ಮೆತ್ತಿದ್ದು ಕಣ್ಣಿಗೂ ತುತ್ತಿಗೂ ತಲುಪುತ್ತದೆ. ಅಲ್ಲದೆ ಸತುವಿನ ಆಕ್ಸೈಡ್ ಜಲಚರಗಳಿಗೆ ತೀವ್ರ ವಿಷ. ವೇದಾವತಿಯ ನೀರನ್ನು ನೆಚ್ಚಿದ ಈ ಬಯಲುಸೀಮೆಯಲ್ಲಿ ಅದನ್ನು ಚರಂಡಿಗೆ ತೊಳೆಯುವುದು ಅಕ್ಷಮ್ಯ. ಪೇಸ್ಟಿನ ಬದಲು ಬಳಸುವ, ಗ್ಯಾಲಿಯಂ ಬೆರೆತ ದ್ರವಲೋಹ ಇನ್ನೂ ಕಷ್ಟದ್ದು: ಅಲ್ಯೂಮಿನಿಯಂ ಅನ್ನು ಕೊರೆದುಹಾಕುತ್ತದೆ, ಸೋರಿದರೆ ಬೋರ್ಡನ್ನು ಶಾರ್ಟ್ ಮಾಡುತ್ತದೆ. ಹಳೆಯ ಪೇಸ್ಟನ್ನು ಕೆರೆದು ಧೂಳೆಬ್ಬಿಸದೆ, ಬೆಂಕಿಯಿಂದ ದೂರವಿದ್ದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಅಪಾಯಕಾರಿ ಕಸದ ಜೊತೆ ಕೊಡಿ.