ಹಳಿ ಜೋಡಣೆ

ರೈಲು ಹಾದಿಯಲ್ಲಿ ಎರಡು ಹಳಿಗಳ ತುದಿಗಳನ್ನು ಕೂಡಿಸಿ, ಮೇಲೆ ಉರುಳುವ ಚಕ್ರಕ್ಕೆ ನಡುವಿನ ಸಂದು ಆದಷ್ಟು ತಾಗದಂತೆ ಮಾಡುವ ಕೆಲಸವೇ ಹಳಿ ಜೋಡಣೆ. ಹಾದಿಯ ಉದ್ದಕ್ಕೂ ಅತಿ ದುರ್ಬಲವಾದ ಜಾಗ ಈ ಸಂದು. ಮೊದಲ ನೂರು ವರ್ಷ ಎಂಜಿನಿಯರರು ಅದನ್ನು ಗಟ್ಟಿ ಮಾಡಲು ಹೆಣಗಿದರು. ಆಮೇಲಿನ ನೂರು ವರ್ಷ ಅದನ್ನು ಇಲ್ಲವಾಗಿಸಲು ಹೆಣಗಿದ್ದಾರೆ. ಉತ್ತರ ಕರ್ನಾಟಕದ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಸೀಮೆ ಈ ಮೊದಲ ನೂರು ವರ್ಷದ ಕಥೆಯನ್ನು ದೂರದಿಂದಷ್ಟೇ ಕೇಳಿದೆ. ಸಂದನ್ನು ಪಟ್ಟಿ-ಬೋಲ್ಟುಗಳಿಂದ ಬಿಗಿಯುವ ಫಿಶ್‌ಪ್ಲೇಟಿನ ಕಾಲದಲ್ಲಿ ರೈಲು ಪೂರ್ವಕ್ಕೆ ಬಾಗಲಕೋಟೆಗೂ ಪಶ್ಚಿಮಕ್ಕೆ ಕುಡಚಿಗೂ ಬಂದಿತು. ನಡುವಿನ ಜಮಖಂಡಿ, ಅದರ ಮಗ್ಗುಲಿನ ಹುನ್ನೂರ ಹಾಗೇ ಉಳಿದವು.

18ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಗಣಿಗಳಲ್ಲಿ ಕುದುರೆ ಎಳೆಯುವ ಬಂಡಿಗಳಿಗೆ ಎರಕದ ಕಬ್ಬಿಣದ ಹಳಿ ಹಾಕುತ್ತಿದ್ದರು. ಒಂದೊಂದು ತುಂಡು ಮೂರು–ನಾಲ್ಕು ಅಡಿಯಷ್ಟೇ ಉದ್ದ, ಹೀಗಾಗಿ ಒಂದೆರಡು ಹೆಜ್ಜೆಗೊಂದು ಸಂದು. ಕೆಳಗಿನ ಕಲ್ಲು ತುಸು ವಾಲಿದರೂ ಒಂದು ತುದಿ ಮೇಲೆದ್ದು ಚಕ್ರಕ್ಕೆ ಬಡಿಯುತ್ತಿತ್ತು. 1816ರಲ್ಲಿ ವಿಲಿಯಂ ಲಾಶ್ ಮತ್ತು ಜಾರ್ಜ್ ಸ್ಟೀಫನ್‌ಸನ್ ಪಡೆದ ಪೇಟೆಂಟಿನಲ್ಲಿ ಹಳಿಗಳ ತುದಿಯನ್ನು ಅರ್ಧರ್ಧ ಕೊರೆದು, ಬಡಗಿ ತೊಲೆಗೆ ತೊಲೆ ಕೂಡಿಸುವಂತೆ ಒಂದರ ಮೇಲೊಂದು ಕೂರಿಸುವ ಉಪಾಯವಿತ್ತು. 1820ರಲ್ಲಿ ಜಾನ್ ಬರ್ಕಿನ್‌ಶಾ ಮೆತು ಕಬ್ಬಿಣವನ್ನು ರೋಲರ್‌ಗಳ ನಡುವೆ ಹಾಯಿಸಿ 15 ಅಡಿಯ ಹಳಿ ತಯಾರಿಸಿದ. ಜೋಡಣೆಯ ವಿಧಾನ ಇದರಿಂದ ಬದಲಾಗಲಿಲ್ಲ, ಜೋಡಣೆಗಳ ಸಂಖ್ಯೆ ಮಾತ್ರ ಕುಸಿಯಿತು. ಇಂದಿನವರೆಗೂ ಇದೇ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟ ಮದ್ದು.

ಸಂದಿಗೇ ಬಲ ಕೊಟ್ಟವನು ವಿಲಿಯಂ ಬ್ರಿಜಸ್ ಆಡಮ್ಸ್ (1797–1872). ಗಾಡಿ ತಯಾರಿಸುವುದು ಅವನ ಕಸುಬು, ಗುಪ್ತನಾಮದಲ್ಲಿ ರಾಜಕೀಯ ಲೇಖನ ಬರೆಯುವುದು ಹವ್ಯಾಸ. ಅಲ್ಲಿಯವರೆಗೆ ಎರಡು ಹಳಿಗಳ ತುದಿಯನ್ನು ಒಂದೇ ಎರಕದ ಕುರ್ಚಿಯಲ್ಲಿ (ಹಳಿ ಕೂರುವ ಆಸರೆಯಲ್ಲಿ) ಮರದ ಬೆಣೆ ಬಡಿದು ಕೂರಿಸುವುದು ವಾಡಿಕೆಯಾಗಿತ್ತು. ಆಡಮ್ಸ್ 1847ರಲ್ಲಿ ರಾಬರ್ಟ್ ರಿಚರ್ಡ್‌ಸನ್ ಜೊತೆ ಪಡೆದ ಪೇಟೆಂಟಿನಿಂದ ಫಿಶ್‌ಪ್ಲೇಟ್ ಬಳಕೆಗೆ ಬಂತು. ಸಂದಿನ ಎಡಬಲಕ್ಕೆ ಒಂದೊಂದು ಕಬ್ಬಿಣದ ಪಟ್ಟಿ, ಹಳಿಯ ನಡುವನ್ನು ತೂರಿ ಹೋಗುವ ಬೋಲ್ಟುಗಳು, ನೋಡಲು ಇಷ್ಟೇ.

ಅದರ ಜಾಣತನ ಇರುವುದು ಇಳಿಜಾರಿನಲ್ಲಿ. ಹಳಿಯನ್ನು ಅಡ್ಡಡ್ಡ ಕೊಯ್ದು ನೋಡಿದರೆ ಮೇಲೆ ತಲೆ, ನಡುವೆ ತೆಳು ಗೋಡೆ, ಕೆಳಗೆ ಅಗಲ ಪಾದ. ಫಿಶ್‌ಪ್ಲೇಟ್ ಗೋಡೆಗೆ ತಾಗುವುದೇ ಇಲ್ಲ. ತಲೆಯ ಕೆಳಮೈಗೂ ಪಾದದ ಮೇಲ್ಮೈಗೂ ಓರೆಯಾಗಿ ಒತ್ತಿ ನಿಲ್ಲುತ್ತದೆ. ಬೋಲ್ಟು ಬಿಗಿದಷ್ಟೂ ಪಟ್ಟಿ ಬೆಣೆಯಂತೆ ಒಳಗೆ ಸೇರಿ ಎರಡೂ ತುದಿಗಳನ್ನು ಒಂದೇ ಮಟ್ಟದಲ್ಲಿ ಹಿಡಿಯುತ್ತದೆ. ಹಾಗೆಂದು ಕಂಡಾಪಟ್ಟೆ ಬಿಗಿಯುವಂತಿಲ್ಲ, ಹಳಿ ಉದ್ದುದ್ದಕ್ಕೆ ಜಾರಲೂ ಬೇಕು. ಅದಕ್ಕೇ ಹಳಿಯಲ್ಲಿನ ತೂತು ಬೋಲ್ಟಿಗಿಂತ ದೊಡ್ಡದು. ಪಟ್ಟಿ ಕೂರುವ ಜಾಗಕ್ಕೆ ವರ್ಷಕ್ಕೊಮ್ಮೆ ಎಣ್ಣೆ-ಗ್ರಾಫೈಟ್ ಹಚ್ಚಬೇಕು. ಭಾರತೀಯ ರೈಲ್ವೆಯಲ್ಲಿ ಅಕ್ಟೋಬರಿನಿಂದ ಫೆಬ್ರುವರಿಯೊಳಗೆ, ಬೇಸಿಗೆ ಹತ್ತುವ ಮುನ್ನ, ಈ ಕೆಲಸ ಮುಗಿಯಬೇಕೆಂಬ ನಿಯಮವಿದೆ.

ಜಾರುವುದು ಏಕೆ ಬೇಕೆಂದು ಬಾಗಲಕೋಟೆಯ ಏಪ್ರಿಲ್ ಬಿಸಿಲು ಕಂಡವರಿಗೆ ಹೇಳಬೇಕಾಗಿಲ್ಲ. ಸುಡುಬಿಸಿಲಲ್ಲಿ ಹಳಿಯ ತಾಪ ಗಾಳಿಗಿಂತ 15–20 ಡಿಗ್ರಿ ಹೆಚ್ಚಿರುತ್ತದೆ. ಉಕ್ಕು ಪ್ರತಿ ಡಿಗ್ರಿಗೆ ತನ್ನ ಉದ್ದದ ಲಕ್ಷದಲ್ಲಿ 1.15 ಪಾಲು ಹಿಗ್ಗುತ್ತದೆ. ಬ್ರಾಡ್‌ಗೇಜಿನ 13 ಮೀಟರ್ ಹಳಿ 40 ಡಿಗ್ರಿ ಏರಿದರೆ ಸುಮಾರು 6 ಮಿಲಿಮೀಟರ್ ಬೆಳೆಯುತ್ತದೆ. ಆ 6 ಮಿಲಿಮೀಟರಿಗಾಗಿ ಬಿಟ್ಟ ಸಂದಿನಿಂದಲೇ ರೈಲಿನ ಕಟಕ್-ಕಟಕ್ ಸದ್ದು. 13 ಮೀಟರ್ ಹಳಿಯ ಮೇಲೆ 47 ಸೆಕೆಂಡಿನಲ್ಲಿ ಎಷ್ಟು ಸಲ ಆ ಸದ್ದು ಕೇಳುತ್ತದೋ ಅದೇ ಗಂಟೆಗೆ ಅಷ್ಟು ಕಿಲೋಮೀಟರ್ ವೇಗ. ಕೈಯಲ್ಲಿ ಗಡಿಯಾರವಿದ್ದ ಪ್ರಯಾಣಿಕರ ಹಳೆಯ ಆಟವಿದು, ಈಗ ಆಡಲು ಹಳಿ ಸಿಗುವುದು ಕಷ್ಟ.

ಸದ್ದೆಂದರೆ ಪೆಟ್ಟು. ಚಕ್ರ ಒಂದು ತುದಿಯನ್ನು ಒತ್ತಿ ಮುಂದಿನ ತುದಿಯ ನೆತ್ತಿಗೆ ಬಡಿಯುತ್ತದೆ. ವರ್ಷಗಟ್ಟಲೆ ಬಡಿದ ಮೇಲೆ ತುದಿಗಳು ಕೆಳಕ್ಕೆ ಬಾಗುತ್ತವೆ, ಫಿಶ್‌ಪ್ಲೇಟ್ ಸವೆಯುತ್ತದೆ, ಬೋಲ್ಟಿನ ತೂತಿನ ಸುತ್ತ ನಕ್ಷತ್ರದಂತೆ ಬಿರುಕು ಹಬ್ಬುತ್ತದೆ. ಕೆಳಗಿನ ಜಲ್ಲಿ ಪುಡಿಯಾಗುತ್ತದೆ. ಕೃಷ್ಣಾ–ಘಟಪ್ರಭಾ ಸೀಮೆಯ ಎರೆಭೂಮಿಯಲ್ಲಿ ಇದಕ್ಕೆ ಇನ್ನೊಂದು ಕಾಟ ಕೂಡುತ್ತದೆ. ಮಳೆಗೆ ಉಬ್ಬಿ ಬಿಸಿಲಿಗೆ ಬಾಯ್ಬಿಡುವ ಆ ಮಣ್ಣು ಸಂದಿನ ಕೆಳಗೆ ನೀರು ಹಿಡಿದರೆ, ಪ್ರತಿ ಚಕ್ರದ ಒತ್ತಿಗೂ ಕೆಸರಾಗಿ ಜಲ್ಲಿಯ ನಡುವಿನಿಂದ ಮೇಲೆ ಉಗುಳುತ್ತದೆ. ಆದ್ದರಿಂದ ಎರೆ ಮಣ್ಣಿನ ಮೇಲೆ ಗರಸಿನ ದಪ್ಪ ಹಾಸು ಹಾಕದೆ ಹಾದಿ ಕಟ್ಟುವುದಿಲ್ಲ.

ಇಂದಿನ ಕರ್ನಾಟಕದೊಳಗೆ ರೈಲು ಮೊದಲು ಬಂದದ್ದು 1864ರಲ್ಲಿ, ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ. ಉತ್ತರದ ಬಯಲಿಗೆ ಅದನ್ನು ತಂದದ್ದು 1876–78ರ ಬರ. ಧಾನ್ಯವನ್ನು ಬೇಗ ಸಾಗಿಸುವ ದಾರಿ ಬೇಕೆಂದು 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಅದೇ ದಶಕದಲ್ಲಿ ಗದಗದಿಂದ ಬಾಗಲಕೋಟೆ, ವಿಜಯಪುರದ ಮೇಲೆ ಹೊಟಗಿಗೆ ಮೀಟರ್‌ಗೇಜ್ ಹಳಿ ಬಿತ್ತು. ಪಶ್ಚಿಮದಲ್ಲಿ ಇದೇ ಕಂಪನಿಯ ಬೆಳಗಾವಿ–ಮಿರಜ ಹಾದಿ ಕುಡಚಿಯನ್ನು ಹಾದುಹೋಯಿತು. ಪಟವರ್ಧನರ ಸಂಸ್ಥಾನವಾಗಿದ್ದ ಜಮಖಂಡಿಗೆ ಹಳಿ ಬರಲೇ ಇಲ್ಲ.

ಆ ಹಾದಿಗಳ ಸಂದುಗಳನ್ನು ಒಂದೂ ಕಾಲು ಶತಮಾನ ಕಾಯ್ದವನು ಕೀಮನ್. ಬೆಳಿಗ್ಗೆ ಹೆಗಲಿಗೆ ಉದ್ದ ಹಿಡಿಯ ಪಾನಾ, ಕೈಯಲ್ಲಿ ಸುತ್ತಿಗೆ, ಕೆಂಪು-ಹಸಿರು ಬಾವುಟ, ಅಪಾಯದ ಹೊತ್ತಿಗೆ ಹಳಿ ಮೇಲಿಟ್ಟು ಸಿಡಿಸುವ ಪಟಾಕಿಯ ಡಬ್ಬಿ ಹಿಡಿದು ಹೊರಟರೆ, ತನ್ನ ಪಾಲಿನ ಹಾದಿಯನ್ನು ಒಂದು ಹಳಿಗುಂಟ ಹೋಗಿ ಇನ್ನೊಂದರ ಗುಂಟ ಬರುತ್ತಿದ್ದ. ಸಡಿಲಾದ ನಟ್ ತಿರುವುವುದು, ಜಾರಿದ ಕೀಲಿ ಬಡಿಯುವುದು, ಬೋಲ್ಟಿಗೆ ಸುತ್ತಿಗೆ ತಟ್ಟಿ ನಾದ ಕೇಳುವುದು. ಗಟ್ಟಿ ಬೋಲ್ಟಿನ ದನಿ ಬೇರೆ, ಬಿರುಕು ಬಿಟ್ಟದ್ದರ ದನಿ ಬೇರೆ. ಎಂಜಿನಿಯರಿಂಗ್ ಗ್ರಂಥಗಳು ಫಿಶ್‌ಪ್ಲೇಟಿಗೆ ಕೊಟ್ಟಷ್ಟು ಪುಟ ಈ ಕಿವಿಗೆ ಕೊಟ್ಟಿಲ್ಲ.

ಹಾದಿ ಕಾಯುವ ಪಾನಾದಿಂದಲೇ ಹಾದಿ ಕೆಡಿಸಲೂ ಬರುತ್ತದೆ. 1942ರ ಚಲೇಜಾವ್ ಚಳವಳಿಯಲ್ಲಿ ಬೆಳಗಾವಿ–ಧಾರವಾಡ ಸೀಮೆಯಲ್ಲಿ ನಿಲ್ದಾಣಗಳಿಗೆ ಬೆಂಕಿ ಬಿತ್ತು. ಸರಕಾರದ ಸಾಗಾಟ ನಿಲ್ಲಿಸಲು ದೇಶದ ಹಲವೆಡೆ ಹೋರಾಟಗಾರರು ಫಿಶ್‌ಪ್ಲೇಟ್ ಕಳಚಿದರು. ಕಳಚಿದ ಸಂದು ಎಂಥ ಅನಾಹುತ ತರಬಲ್ಲದೆಂಬುದಕ್ಕೆ ಇತ್ತೀಚಿನ ನಿದರ್ಶನಗಳೂ ಇವೆ. 2013ರ ಜುಲೈ 12ರಂದು ಫ್ರಾನ್ಸಿನ ಬ್ರೆತಿನ್ಯಿ ನಿಲ್ದಾಣದಲ್ಲಿ ಕವಲು ಹಳಿಯ ಫಿಶ್‌ಪ್ಲೇಟ್ ಬೋಲ್ಟು ಕಳಚಿಕೊಂಡು ಹೊರಳಿ, ರೈಲು ಹಳಿ ತಪ್ಪಿ ಏಳು ಜನ ಸತ್ತರು. 2017ರ ಆಗಸ್ಟ್ 19ರಂದು ಉತ್ತರಪ್ರದೇಶದ ಖತೌಲಿಯಲ್ಲಿ ದುರಸ್ತಿ ನಡೆದಿದ್ದ ಸಂದಿನ ಮೇಲೆ ಉತ್ಕಲ್ ಎಕ್ಸ್‌ಪ್ರೆಸ್ ಹರಿದು ಇಪ್ಪತ್ತಕ್ಕೂ ಹೆಚ್ಚು ಜೀವ ಹೋದವು.

ಸಂದನ್ನೇ ಇಲ್ಲವಾಗಿಸುವ ದಾರಿ ತೆರೆದದ್ದು ಜರ್ಮನಿಯ ರಸಾಯನ ವಿಜ್ಞಾನಿ ಹಾನ್ಸ್ ಗೋಲ್ಡ್‌ಶ್ಮಿಟ್. 1895ರಲ್ಲಿ ಅವನು ಪೇಟೆಂಟ್ ಪಡೆದ ಥರ್ಮಿಟ್ ವಿಧಾನದಲ್ಲಿ ಅಲ್ಯೂಮಿನಿಯಂ ಪುಡಿ, ಕಬ್ಬಿಣದ ಆಕ್ಸೈಡಿನಿಂದ ಆಮ್ಲಜನಕವನ್ನು ಕಸಿದುಕೊಂಡು ಕರಗಿದ ಕಬ್ಬಿಣವನ್ನು ಉಳಿಸುತ್ತದೆ. 1899ರಲ್ಲಿ ಎಸೆನ್ ನಗರದ ಟ್ರಾಮ್ ಹಳಿಗಳನ್ನು ಹೀಗೆ ಬೆಸೆದರು. ಕುಲುಮೆ ಬೇಡ, ವಿದ್ಯುತ್ ಬೇಡ; ಊರಾಚೆಯ ಬಯಲಲ್ಲಿ ನಾಲ್ಕು ಜನ ಮಾಡಿ ಮುಗಿಸಬಹುದು.

ಭಾರತದಲ್ಲಿ ಇಂದಿಗೂ ಹಳಿ ಹಾಸುವ ಸ್ಥಳದಲ್ಲಿ ಈ ಬೆಸುಗೆ ಬಳಕೆಯಲ್ಲಿದೆ. ಎರಡು ಹಳಿಗಳ ನಡುವೆ 25 ಮಿಲಿಮೀಟರ್ ಜಾಗ ಬಿಟ್ಟು, ತುದಿಗಳನ್ನು ಕೂದಲೆಳೆಯಷ್ಟು ಮೇಲೆತ್ತಿ ನೇರ ಮಾಡುತ್ತಾರೆ. ಬೆಸುಗೆ ಆರುವಾಗ ಕುಗ್ಗಿ ಅದು ಮಟ್ಟಕ್ಕೆ ಬರುತ್ತದೆ. ಸುತ್ತ ಮರಳಿನ ಅಚ್ಚು ಕಟ್ಟಿ, ಬಿರುಕುಗಳಿಗೆ ಹಸಿ ಮರಳು ಮೆತ್ತಿ, ಬರ್ನರಿನಿಂದ ತುದಿಗಳನ್ನು ಸುಮಾರು 600 ಡಿಗ್ರಿಗೆ ಕಾಯಿಸುತ್ತಾರೆ. ಮೇಲಿನ ಮೂಸೆಯಲ್ಲಿ ಪುಡಿಗೆ ಕಿಡಿ ತಾಗಿಸಿದರೆ ಅರೆ ನಿಮಿಷದೊಳಗೆ ಕಣ್ಣು ಕೋರೈಸುವ ಬೆಳಕು, ತಾಪ 2,000 ಡಿಗ್ರಿ ದಾಟುತ್ತದೆ. ಕರಗಿದ ಉಕ್ಕು ತಳಕ್ಕಿಳಿದು ಅಚ್ಚಿಗೆ ಹರಿಯುತ್ತದೆ, ಕಿಟ್ಟ ಮೇಲೆ ತೇಲುತ್ತದೆ. ಕೆಲವು ನಿಮಿಷ ಕಾಯ್ದು ಅಚ್ಚು ಒಡೆದು, ಕೆಂಪಗಿರುವಾಗಲೇ ಹೆಚ್ಚಿನ ಉಕ್ಕನ್ನು ಕತ್ತರಿಸಿ ಉಜ್ಜುತ್ತಾರೆ. ಕೊನೆಗೆ ಹಳಿಯ ಗೋಡೆಯ ಮೇಲೆ ತಿಂಗಳು, ವರ್ಷ, ಬೆಸುಗೆಗಾರನ ಸಂಕೇತ ಮತ್ತು ಸಂಖ್ಯೆ ಬೀಳುತ್ತವೆ. ಹತ್ತು ವರ್ಷದ ಮೇಲೆ ಬೆಸುಗೆ ಮುರಿದರೂ ಯಾರ ಕೈಕೆಲಸವೆಂದು ತಿಳಿಯುತ್ತದೆ. ಕಾರ್ಖಾನೆಯಲ್ಲಿ ಮಾಡುವ ಫ್ಲ್ಯಾಶ್‌ಬಟ್ ಬೆಸುಗೆ ಇದಕ್ಕಿಂತ ಭರವಸೆಯದ್ದು: ತುದಿಗಳಿಗೆ ವಿದ್ಯುತ್ ಹಾಯಿಸಿ ಕಾಯಿಸಿ, ಒಂದಕ್ಕೊಂದು ಅದುಮುತ್ತಾರೆ. ಭಿಲಾಯಿ ಉಕ್ಕಿನ ಕಾರ್ಖಾನೆಯಿಂದ 260 ಮೀಟರಿನ ಹಳಿಗಳು ಸಿದ್ಧವಾಗಿಯೇ ಬರುತ್ತವೆ.

ಹಾಗಾದರೆ ಬೇಸಿಗೆಯ ಹಿಗ್ಗು ಎಲ್ಲಿ ಹೋಯಿತು? ಅದು ಹಳಿಯೊಳಗೇ ಬಲವಾಗಿ ಅಡಗಿರುತ್ತದೆ. ಮೀಟರಿಗೆ 52 ಕಿಲೋ ತೂಗುವ ಹಳಿಯನ್ನು ಅಲುಗದಂತೆ ಹಿಡಿದರೆ ಪ್ರತಿ ಡಿಗ್ರಿಗೆ ಸುಮಾರು 1.6 ಟನ್ ಬಲ ಅದರಲ್ಲಿ ಕೂಡುತ್ತದೆ, 30 ಡಿಗ್ರಿಗೆ 48 ಟನ್ನಿನಷ್ಟು. ಕಂಬಾರ ಕಾಯಿಸಿದ ಪಟ್ಟಿಯನ್ನು ಬಂಡಿಗಾಲಿಗೆ ಏರಿಸಿ ನೀರು ಹೊಯ್ದಾಗ ಅದು ಕುಗ್ಗಿ ಗಾಲಿಯನ್ನು ಬಿಗಿಯುವುದು ಇಂಥದೇ ಬಲದಿಂದ. ಭಾರದ ಕಾಂಕ್ರೀಟ್ ಸ್ಲೀಪರ್, ಸ್ಪ್ರಿಂಗ್ ಕ್ಲಿಪ್ಪು, ಭರ್ತಿ ಜಲ್ಲಿ ಸೇರಿ ಹಳಿಯನ್ನು ಹಿಡಿಯುತ್ತವೆ. ಕಿಲೋಮೀಟರುಗಟ್ಟಲೆ ಉದ್ದದ ಹಳಿಯಲ್ಲೂ ಎರಡು ಕೊನೆಗಳ ನೂರು ಮೀಟರಿನಷ್ಟು ಮಾತ್ರ ಹಿಂದೆ ಮುಂದೆ ಸರಿಯುತ್ತದೆ, ನಡುವಿನದು ಮಿಸುಕುವುದಿಲ್ಲ. ಹಾದಿಯಿರುವ ಸೀಮೆಯಲ್ಲಿ ಹಳಿಯ ಸರಾಸರಿ ತಾಪಕ್ಕಿಂತ ತುಸು ಮೇಲಿನ ಉಷ್ಣತೆಯಲ್ಲಿ, ಬೇಕಿದ್ದರೆ ಜಾಕಿನಿಂದ ಎಳೆದು, ಹಳಿಯನ್ನು ಬಂಧಿಸುವುದು ಇಲ್ಲಿಯ ಗುಟ್ಟು. ಬಂಧಿಸಿದ ಉಷ್ಣತೆ ತಪ್ಪಿದ್ದರೆ ಬೇಸಿಗೆಯಲ್ಲಿ ಹಳಿ ಹಾವಿನಂತೆ ಡೊಂಕಾಗುತ್ತದೆ ಇಲ್ಲವೇ ಚಳಿಗಾಲದ ಬೆಳಗಿನ ಜಾವ ಬೆಸುಗೆಯಲ್ಲಿ ಮುರಿಯುತ್ತದೆ. ಮಧ್ಯಾಹ್ನದ ಬಿಸಿಲಲ್ಲೂ ನಡುರಾತ್ರಿಯ ಚಳಿಯಲ್ಲೂ ಗಸ್ತು ತಿರುಗುವುದು ಇದೇ ಕಾರಣಕ್ಕೆ.

ಬೇಕೆಂದೇ ಉಳಿಸಿದ ಸಂದುಗಳೂ ಉಂಟು. ರೈಲು ಎಲ್ಲಿದೆಯೆಂದು ಸಿಗ್ನಲಿಗೆ ತಿಳಿಸುವ ಟ್ರ್ಯಾಕ್ ಸರ್ಕ್ಯೂಟನ್ನು ಅಮೆರಿಕದ ವಿಲಿಯಂ ರಾಬಿನ್ಸನ್ 1872ರಲ್ಲಿ ರೂಪಿಸಿದ. ಅದಕ್ಕೆ ಹಳಿಯನ್ನು ವಿದ್ಯುತ್ತಿನ ಲೆಕ್ಕದಲ್ಲಿ ತುಂಡು ತುಂಡಾಗಿ ಬೇರ್ಪಡಿಸಬೇಕು. ಫಿಶ್‌ಪ್ಲೇಟಿಗೂ ಹಳಿಗೂ ನಡುವೆ ವಿದ್ಯುತ್ ಹರಿಯದ ಪದರ ಹಾಕಿ, ರಾಳದ ಅಂಟಿನಿಂದ ಹಿಡಿಸಿ, ಮೇಲೆ ಬೋಲ್ಟು ಬಿಗಿದದ್ದು ಗ್ಲೂಡ್ ಜಾಯಿಂಟ್. ಖತೌಲಿಯಲ್ಲಿ ರಿಪೇರಿಯಲ್ಲಿದ್ದದ್ದು ಈ ಬಗೆಯದೇ.

1992ರಲ್ಲಿ ಯೂನಿಗೇಜ್ ಯೋಜನೆ ಶುರುವಾದ ಮೇಲೆ ಉತ್ತರ ಕರ್ನಾಟಕದ ಮೀಟರ್‌ಗೇಜ್ ಹಾದಿಗಳು ಒಂದೊಂದಾಗಿ ಬ್ರಾಡ್‌ಗೇಜಾದವು, ಗದಗ–ಹೊಟಗಿ ಹಾದಿ 2000ದ ದಶಕದಲ್ಲಿ. ಹಳೆಯ ಫಿಶ್‌ಪ್ಲೇಟುಗಳು ಗುಜರಿ ಸೇರಿ ಬೆಸೆದ ಹಳಿ ಬಂತು. 2010–11ರಲ್ಲಿ, ಹಲವು ವರ್ಷಗಳ ಹೋರಾಟದ ಫಲವಾಗಿ, ಅರ್ಧ ವೆಚ್ಚ ರಾಜ್ಯದ್ದೆಂಬ ಕರಾರಿನ ಮೇಲೆ 142 ಕಿಲೋಮೀಟರಿನ ಬಾಗಲಕೋಟೆ–ಕುಡಚಿ ಮಾರ್ಗಕ್ಕೆ ಮಂಜೂರಾತಿ ಸಿಕ್ಕಿತು. ಬಾಗಲಕೋಟೆಯಿಂದ ಖಜ್ಜಿಡೋಣಿವರೆಗಿನ ಭಾಗ ಮೊದಲು ಮುಗಿದು, ಲೋಕಾಪುರದ ಕಡೆಗೆ ಕೆಲಸ ಮುಂದುವರಿಯಿತು. ಭೂಸ್ವಾಧೀನದ ವಿಳಂಬ ಈ ಮಾರ್ಗವನ್ನು ಬಹಳ ಕಾಡಿದೆ. ಇಂಥ ಹೊಸ ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕವಲುಗಳಲ್ಲೂ ಸಿಗ್ನಲ್ ಸಂದುಗಳಲ್ಲೂ ಬಿಟ್ಟರೆ ಫಿಶ್‌ಪ್ಲೇಟ್ ಕಾಣುವುದು ಅಪರೂಪ.

ಅಪರೂಪವೆಂದರೆ ಇಲ್ಲವೆಂದಲ್ಲ. ಬೆಸುಗೆಯೊಳಗಿನ ಬಿರುಕನ್ನು ಈಗ ಶ್ರವಣಾತೀತ ಧ್ವನಿ ಹಾಯಿಸಿ ಪತ್ತೆ ಹಚ್ಚುತ್ತಾರೆ. ಕಣ್ಣಿಡಬೇಕಾದ ಜಾಗಕ್ಕೆ ಕೆಂಪು ಬಣ್ಣದ ಒಂದು ಕತ್ತರಿ ಗುರುತು, ತಕ್ಷಣ ತೆಗೆಯಬೇಕಾದುದಕ್ಕೆ ಮೂರು. ಹಳಿ ಬದಲಿಸುವವರೆಗೆ ರೈಲಿನ ವೇಗವನ್ನು 30 ಕಿಲೋಮೀಟರಿಗೆ ಇಳಿಸಿ, ಬೆಸುಗೆಯ ಉಬ್ಬಿಗೆ ಹೊಂದುವಂತೆ ನಡುವೆ ಬಾಗಿಸಿದ ಒಂದು ಜೊತೆ ಫಿಶ್‌ಪ್ಲೇಟುಗಳನ್ನು ಇಕ್ಕಳದಿಂದ ಬಿಗಿದು ಹೋಗುತ್ತಾರೆ.